ಒಡದ ಕಲ್ಲು ತಿರುಗಿ ಬಂದು ಕೂತ್ರ

ಮಕ್ಕಳು ಕಂಪ್ಯೂಟರ್ ಗೇಮ್ ಹಚ್ಚಿಕೊಂಡು ಕೂತ್ರ ನಮ್ಮ ಓಣಿ ತಾಯಂದಿರು ಮಾಡೋ ಕೆಲಸ ಒಂದಽ, ಸ್ವಿಚ್ ಬಂದ್ ಮಾಡೋದು. ಸೋಮವಾರದಿಂದ ಗುರುವಾರದ ತನಕ ನಾನೂ ಅದನ್ನಽ ಮಾಡ್ತೀನಿ. ಖರೇ ಶುಕ್ರವಾರ ರಾತ್ರಿ ಮಾತ್ರ ನಮ್ಮನಿಯೊಳಗ ಆ ಗೇಮ್ ನಡೀಲೇಬೇಕು. ನಮ್ಮನಿಯವರು ಇರೋದು ಮಸ್ಕತ್‌ನಾಗ, ಅಲ್ಲೆ ಸೂಟಿ ಶುಕ್ರವಾರ, ಶನಿವಾರ. ನಮ್ಮಲ್ಲೆ ಎಂಟೂವರಿ ಆದಾಗ ಅಲ್ಲೆ ಏಳು. ಅಪ್ಪಾ ಅಲ್ಲೆ, ಮಗಾ ಇಲ್ಲೆ ಧಾರವಾಡದಾಗ ಕೂತು ಮೈನ್‌ಕ್ರಾಫ್ಟ್ ಆಡ್ತಾರ.

ನೋಡಿರಲಾರದವರಿಗೆ ಹೇಳ್ತೀನಿ. ಈ ಗೇಮಿನ್ಯಾಗ ಎಲ್ಲಾ ಚೌಕ ಚೌಕ ಕಲ್ಲು. ನೆಲಾ, ಗಿಡಾ, ಆಕಳಾ ಸೈತ ಚೌಕ. ಒಡೀಬೇಕು, ಒಡದದ್ದು ತಗೊಂಡು ಕಟ್ಟಬೇಕು, ಅಷ್ಟಽ. ಸ್ವೀಡನ್ ದೇಶದ ಮೊಜಾಂಗ್ ಅನ್ನೋ ಕಂಪನಿ 2011ರಾಗ ಪೂರ್ತಿ ಹೊರಗ ತಂದದ್ದು, 2014ರಾಗ ಮೈಕ್ರೋಸಾಫ್ಟ್‌ನವರು ಕೊಂಡ್ರು. ಇದರಾಗ ಜಾವಾ, ಬೆಡ್‌ರಾಕ್ ಅಂತ ಎರಡು ಜಾತಿ ಅವ. ಒಬ್ಬರದು ಜಾವಾ, ಇನ್ನೊಬ್ಬರದು ಬೆಡ್‌ರಾಕ್ ಇದ್ರ ಇಬ್ಬರೂ ಕೂಡಿ ಆಡ್ಲಿಕ್ಕೆ ಬರೂದಿಲ್ಲ. ಕೊಳ್ಳೋವ್ರು ಮೊದಲ ಇದನ್ನ ಕೇಳಿ ತಗೋರಿ. ನಮ್ಮವರಿಬ್ಬರದೂ ಜಾವಾ. ಕಂಪನಿಯವರ ಕಡೆ ತಿಂಗಳ ಬಾಡಿಗಿ ಕೊಟ್ಟು ರೆಲ್ಮ್ಸ್ ಅಂತ ಒಂದು ಜಗಾ ಹಿಡದಾರ, ಅದರಾಗ ನಮ್ಮ ಹಳೇ ಮನಿ ಕಟ್ಟಲಿಕತ್ತಾರ. ಪಡಸಾಲಿ ಆತು, ಕಟ್ಟಿ ಆತು. ನಮ್ಮತ್ತಿ ಹಿಂದಿಂದ ಬಂದು ನೋಡಿ, “ತುಳಸೀಕಟ್ಟಿ ಎಲ್ಲದನೋ? ಅದಿಲ್ಲದ ಮನಿ ಹೆಂಗ ಆತು?” ಅಂದ್ರು. ಮರದಿನ ಅದೂ ಆತು.

ಹನ್ನೊಂದು ವರ್ಷದ ಹುಡುಗಗ ಫೋನ್ ಕೊಟ್ರ “ಹೂಂ”, “ಊಟಾ ಆತು”, “ಅಜ್ಜಿಗೆ ಕೊಡ್ಲೇನು?” ಇಷ್ಟಽ ಮಾತು. ಅದಽ ಹುಡುಗ ಕಲ್ಲು ಒಡಕೋತ ಸಾಲ್ಯಾಗ ಯಾರು ಹೊಡದ್ರು, ಗಣಿತದಾಗ ಎಷ್ಟು ಬಿದ್ದುವು, ಎಲ್ಲಾ ಅಪ್ಪನ ಮುಂದ ಒದರ್ತಾನ. ಅದಕ್ಕಽ ನನಗ ಈ ಗೇಮ್ ಬೇಕು.

ದೀಪಾವಳಿ ಆದಮ್ಯಾಲೆ ಇದಕ್ಕ ಏನೋ ಗ್ರಹಚಾರ ಹಿಡೀತು. ಚಿತ್ರ ತಡದು ತಡದು ಓಡೋದು, ಒಡದ ಕಲ್ಲು ತಿರುಗಿ ಬಂದು ಅಲ್ಲೇ ಕೂಡೋದು, ಆಮ್ಯಾಲೆ ಸಂಪರ್ಕಾನಽ ಕಡದು ಹೋಗೋದು. ಮೂರು ಶುಕ್ರವಾರ ಹಿಂಗಽ ಆತು. ನಾಕನೇ ವಾರ ಹುಡುಗ ಎಂಟೂವರಿ ಆದ್ರೂ ಕಂಪ್ಯೂಟರ್ ಹಚ್ಚಲಿಲ್ಲ. ಕೇಳಿದ್ರ, “ಅಪ್ಪಗ ಬ್ಯಾಸರಾಗೇದ, ಅವನಽ ಬಂದ್ ಮಾಡಿ ಹೋಗ್ತಾನ” ಅಂದ. ಅತ್ತಾಗ ಇವರು ನನಗ ಫೋನ್ ಮಾಡಿ, “ಅವಂಗ ಗೆಳ್ಯಾರ ಜೋಡಿ ಆಡೋದು ಬೇಕಾಗಿರಬೇಕು, ಒತ್ತಾಯ ಮಾಡಬ್ಯಾಡ” ಅಂತಾರ. ತಂತಿ ತಪ್ಪು ಮಾಡಿದ್ದನ್ನ ಇಬ್ಬರೂ ತಮ್ಮ ತಮ್ಮ ಮನಸ್ಸಿಗೆ ಹಚ್ಚಿಕೊಂಡು ಕೂತಿದ್ರು. ಇನ್ನ ನಾನಽ ಸೆರಗು ಕಟ್ಟಬೇಕು ಅಂತ ಅನಿಸ್ತು.

ರಿಪೇರಿ ಅಂಗಡಿಯವ ಕೇಳಿದ ಕೂಡಲೇ “ಹೊಸಾ ಗ್ರಾಫಿಕ್ಸ್ ಕಾರ್ಡ್ ಹಾಕಸ್ರೀ ಅಕ್ಕಾರ” ಅಂದ. ಹೊಟ್ಟಿನೋವು ಅಂದಕೂಡ್ಲೆ ಆಪರೇಶನ್ ಅಂದಂಗ! ನಾನು ಮೊದಲ ಹುಡುಗನ್ನ ಕೂಡಿಸಿಕೊಂಡು ಬಿಡಿಸಿ ಬಿಡಿಸಿ ಕೇಳಿದೆ. ಇಲ್ಲೆ ಎರಡು ಬ್ಯಾರೆ ಬ್ಯಾರೆ ರೋಗ ಇದ್ದುವು. ಚಿತ್ರಾನಽ ತಡದು ನಿಂತ್ರ ಅದು ಕಂಪ್ಯೂಟರಿನ ತ್ರಾಸ. ಚಿತ್ರ ನೀಟ ಓಡಲಿಕತ್ತದ, ಆದ್ರ ಒಡದ ಕಲ್ಲು ತಿರುಗಿ ಬರ್ತದ ಅಂದ್ರ ಅದು ನೆಟ್ಟಿನ ತ್ರಾಸ. ಯಾಕಂದ್ರ ಕಲ್ಲು ಒಡದ ಸುದ್ದಿ ಕಂಪನಿಯವರ ದೂರದ ಸರ್ವರಿಗೆ ಮುಟ್ಟಬೇಕು. ನಮ್ಮ ಪರದೆ ಮೊದಲಽ ಒಡದು ತೋರಸ್ತದ. ಸುದ್ದಿ ಮುಟ್ಟಲಿಲ್ಲ ಅಂದ್ರ ಸರ್ವರ್ “ಎಲ್ಲೆ ಒಡದಿ? ಇಲ್ಲೇ ಅದಲ್ಲ” ಅಂತ ಕಲ್ಲು ವಾಪಸ್ ಇಡ್ತದ.

ಮೊದಲ ಕಂಪ್ಯೂಟರ್ ನೋಡಿದೆ. ಗೇಮಿನ್ಯಾಗ ಎಫ್3 ಒತ್ತಿದ್ರ ಸೆಕೆಂಡಿಗೆ ಎಷ್ಟು ಚಿತ್ರ ಓಡ್ತಾವ ಅಂತ ಬರ್ತದ. ನಮ್ಮದು ಶುರುವಿನಾಗ 60, ಅರ್ಧಾ ತಾಸಿಗೆ 15ಕ್ಕ ಇಳೀತು. ಶುರುವಿನಾಗ ಛಲೋ ಇದ್ದು ಆಮ್ಯಾಲೆ ಇಳದ್ರ ಬಿಸಿ ಮ್ಯಾಲೆ ಸಂಶಯ ಪಡಬೇಕು. ಭಾಳ ಕಾಯ್ತು ಅಂದ್ರ ಪ್ರೊಸೆಸರ್ ತನ್ನ ಜೀವಾ ಉಳಿಸಿಕೊಳ್ಳಲಿಕ್ಕೆ ತಾನಽ ವೇಗಾ ಕಡಿಮಿ ಮಾಡಿಕೋತದ. ಪ್ಲಗ್ ಕಿತ್ತಿ, ಡಬ್ಬಿ ಬಗಲಿನ ತಗಡು ಬಿಚ್ಚಿದ್ರ ಒಳಗ ಪಂಖಾದ ಮ್ಯಾಲೆ ಧೂಳು ಕಂಬಳಿ ಹಾಸಿದಂಗ ಕೂತಿತ್ತು. ಒಣಾ ಪೇಂಟ್ ಬ್ರಶ್ ತಗೊಂಡು, ಪಂಖಾ ತಿರಗಲಾರದಂಗ ಬೆರಳಿಂದ ಹಿಡದು ಸ್ವಚ್ಛ ಮಾಡಿದೆ. ಒದ್ದಿ ಅರಬಿ ಮಾತ್ರ ಹಚ್ಚಬ್ಯಾಡ್ರಿ ಮತ್ತ. ಮ್ಯಾಲೆ ಗೇಮಿನ ಸೆಟ್ಟಿಂಗಿನ್ಯಾಗ ‘ರೆಂಡರ್ ಡಿಸ್ಟೆನ್ಸ್’ 16 ಇದ್ದದ್ದನ್ನ 8 ಮಾಡಿದೆ. ಅಂದ್ರ ನೋಟದ ದೂರ ಅರ್ಧಾ, ಆದ್ರ ಕಂಪ್ಯೂಟರ್ ಹಿಡಕೊಂಡು ಕೂಡಬೇಕಾದ ಜಾಗಾ ಸುಮಾರು ಕಾಲು ಪಾಲು ಆಗ್ತದ. ಒಂದು ರೂಪಾಯಿ ಖರ್ಚಿಲ್ಲದ 60 ನಿಂತೇ ಬಿಡ್ತು.

ನೆಟ್ಟಿಂದು ಮಾತ್ರ ನನ್ನ ಆಡಸಿಬಿಡ್ತು. ಕಮಾಂಡ್ ಪ್ರಾಂಪ್ಟ್ ಅನ್ನೋ ಕರೀ ಕಿಡಕಿ ತಗದು, ‘ಪಿಂಗ್’ ಅಂತ ಹೊಡದು ವಿಳಾಸ ಕೊಟ್ರ ಅಲ್ಲಿಗೆ ಹೋಗಿ ಬರ್ಲಿಕ್ಕೆ ಎಷ್ಟು ಮಿಲಿಸೆಕೆಂಡ್ ಹಿಡೀತು ಅಂತ ಹೇಳ್ತದ. ಮೊದಲ ಮನ್ಯಾಗಿನ ರೌಟರಿಗೇ ಪಿಂಗ್ ಮಾಡಬೇಕು. ನಮ್ಮದರ ವಿಳಾಸ 192.168.1.1. ಅದಽ ಜಿಗದಾಡಿದ್ರ ದೋಷ ಮನಿಯೊಳಗ. ಅದು ನೆಟ್ಟಗಿದ್ದು ಹೊರಗಿಂದು ಜಿಗದಾಡಿದ್ರ ದೋಷ ಲೈನಿಂದು, ಆವಾಗ ನೆಟ್ಟಿನವರ ಜೋಡಿ ಜಗಳಾ ಮಾಡ್ರಿ, ಅದಕ್ಕ ಮೊದಲಲ್ಲ.

ಶುಕ್ರವಾರ ರಾತ್ರಿ ಪಿಂಗ್ ಹಚ್ಚಿಟ್ಟು ಅಲ್ಲೇ ಅವರೀಕಾಯಿ ಸುಲಕೋತ ಕೂತೆ. 2, 3, 2, 2. ಒಂಬತ್ತೂ ಹತ್ತಕ್ಕ ಒಮ್ಮೆಲೆ 800, 1200, ಉತ್ತರಾನಽ ಇಲ್ಲ. ಎರಡು ನಿಮಿಷಕ್ಕ ಮತ್ತ 2, 3. ಅಷ್ಟರಾಗ ಅಡಗಿಮನಿಯಿಂದ ‘ಟಿಂಗ್’ ಅಂತ ಸಪ್ಪಳಾತು. ನಮ್ಮ ಮೈದುನ ಅಂಗಡಿ ಮುಚ್ಚಿ ಬಂದಿದ್ದ, ಅತ್ತಿ ಅವಂಗ ಹುಳಿ ಬಿಸಿ ಮಾಡಲಿಕತ್ತಿದ್ರು, ಮೈಕ್ರೋವೇವಿನ್ಯಾಗ. “ಅವ್ವಾ, ಇನ್ನೊಮ್ಮೆ ಹಚ್ಚರಿ” ಅಂದೆ. “ಹುಳಿ ಕುದೀಲಿಕತ್ತದಲ್ಲವಾ” ಅಂದ್ರು. ಒಂದು ಬಟ್ಟಲ ನೀರಿಟ್ಟು ಹಚ್ಚಿದ್ವಿ. ಮತ್ತ 900!

ಮೈಕ್ರೋವೇವ್ ಅಡಗಿ ಕಾಸೋದು 2.45 ಗಿಗಾಹರ್ಟ್ಸ್ ಅಲಿಯಿಂದ. ನಮ್ಮ ವೈಫೈ ಮಾತಾಡೋದು 2.4ರಾಗ. ಒಲಿಯಿಂದ ಚೂರು ಸೋರಿದ್ರೂ, ಮಗ್ಗಲಮನಿಯವರ ಬಾಜಾಬಜಂತ್ರಿ ನಡುವ ನಾವು ಪಿಸುಮಾತಾಡಿದಂಗ. ಸೋರೋ ಅಷ್ಟರಿಂದ ನಮಗೇನೂ ಆಗೂದಿಲ್ಲ, ಹೆದರಬ್ಯಾಡ್ರಿ. ರೌಟರ್ ಪಡಸಾಲ್ಯಾಗ, ಹುಡುಗ ಹಿಂದಿನ ಖೋಲ್ಯಾಗ, ನಟ್ಟನಡುವ ಅಡಗಿಮನಿ. ರೌಟರಿನ್ಯಾಗ 5 ಗಿಗಾಹರ್ಟ್ಸ್ ಇತ್ತು, ಅದಕ್ಕ ಒಲಿ ಕಾಟಿಲ್ಲ. ಆದ್ರ ನಮ್ಮ ಮನಿ ಒಂದೂವರಿ ಫೂಟಿನ ಮಣ್ಣಿನ ಗ್ವಾಡಿ ದಾಟೋ ತ್ರಾಣ ಅದಕ್ಕಿಲ್ಲ. ಕಡೀಕೆ 20 ಮೀಟರ್ ಲ್ಯಾನ್ ಕೇಬಲ್ ತರಿಸಿ, ದೇವರಮನಿ ಚೌಕಟ್ಟಿನ ಮ್ಯಾಲಿಂದ ಮೊಳಿ ಹೊಡಕೋತ ಎಳದ್ವಿ. ಅತ್ತಿ ಅದಕ್ಕಽ ಮಾವಿನ ತೋರಣ ಕಟ್ಯಾರ, ಬಿಚ್ಚರಿ ಅನ್ನೋ ಧೈರ್ಯ ನನಗಿಲ್ಲ.

ಆಮ್ಯಾಲೆ ಸಂಪರ್ಕ ಕಡದಿಲ್ಲ. ಹೋದ ಶುಕ್ರವಾರ ಮಾತ್ರ ಅತ್ತಾಗಿಂದಽ ಕಲ್ಲು ತಿರುಗಿ ಬರ್ಲಿಕತ್ವು. ಹುಡುಗ ತಾನಽ ನನ್ನ ಫೋನ್ ಕಸಗೊಂಡು, “ಅಪ್ಪಾ, ಮೊದಲ ನಿನ್ನ ರೌಟರಿಗೆ ಪಿಂಗ್ ಮಾಡು. ನಂಬರ್ ಓದಿ ಹೇಳು, ನಾ ಬರ್ಕೋತೀನಿ” ಅಂದ. ಮುಕ್ಕಾಲು ತಾಸು ಫೋನ್ ಇಡಲಿಲ್ಲ.