ಬಾಯಿಬಿಟ್ಟು ಲೆಕ್ಕ ಮಾಡಿ



ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿರುವ ನಿಮ್ಮಲ್ಲಿ ಹಲವರು ದೊಡ್ಡ ಸಾಫ್ಟ್‌ವೇರ್ ಕಂಪನಿಗಳ ಸಂದರ್ಶನಕ್ಕೆ ತಯಾರಿ ನಡೆಸಿದ್ದೀರಿ. ಅಂಥದೊಂದು ಕಂಪನಿಯಲ್ಲಿ ನಾನು ಕೆಲವು ವರ್ಷಗಳಿಂದ ಮೇಜಿನ ಆಚೆ ಬದಿಗೆ, ಅಂದರೆ ಪ್ರಶ್ನೆ ಕೇಳುವವರ ಕಡೆ, ಕೂರುತ್ತಿದ್ದೇನೆ. ಅಲ್ಲಿ ಕಂಡ ಒಂದು ಸಂಗತಿಯನ್ನು ನಮ್ಮ ಮನೆಯ ಮಕ್ಕಳಿಗೆ ಹೇಳಲೇಬೇಕು.

ಕಳೆದ ವರ್ಷ ಛತ್ರಪತಿ ಸಂಭಾಜಿನಗರದಿಂದ ಒಬ್ಬ ಹುಡುಗಿ ಬಂದಿದ್ದಳು. (2023ರಲ್ಲಿ ಹೆಸರು ಬದಲಾದರೂ ನಮ್ಮ ಹಿರಿಯರ ಬಾಯಲ್ಲಿ ಅದಿನ್ನೂ ಔರಂಗಾಬಾದೇ.) ಅರ್ಜಿಯಲ್ಲಿ ಮಾತೃಭಾಷೆ ಕನ್ನಡ ಎಂದಿತ್ತು. ನಾನು ಕೇಳಿದ್ದು ಹಳೆಯ ಪ್ರಶ್ನೆಯೇ: ಹತ್ತು ಸಾವಿರ ಸಂಖ್ಯೆಗಳಿವೆ, ಯಾವ ಎರಡನ್ನು ಕೂಡಿದರೆ ನೂರು ಬರುತ್ತದೆ? ಹುಡುಗಿ ತಲೆ ತಗ್ಗಿಸಿದಳು. ಎರಡು ನಿಮಿಷ, ಐದು ನಿಮಿಷ, ಒಂಬತ್ತು ನಿಮಿಷ, ತುಟಿ ಅಲುಗಲಿಲ್ಲ. ಆಮೇಲೆ ಒಂದೇ ಉಸಿರಿಗೆ ಬರೆದುಕೊಟ್ಟಳು. ಪೂರ್ತಿ ಸರಿ! ಹೇಗೆ ಹೊಳೆಯಿತಮ್ಮಾ ಎಂದರೆ ಬರೀ ನಗು. ಮುಂದಿನ ಪ್ರಶ್ನೆಗೆ ಸಮಯ ಉಳಿಯಲಿಲ್ಲ. ಆಲೋಚನಾ ಕ್ರಮದ ಬಗ್ಗೆ ನಾನು ಬರೆಯಬೇಕಾದ ಜಾಗ ಖಾಲಿ ಉಳಿಯಿತು. ಕೆಲಸ ಸಿಗಲಿಲ್ಲ. ಜಾಣೆಯಾಗಿದ್ದಳು, ಇಂದಿಗೂ ನೆನಪಾಗುತ್ತಾಳೆ.

ಅವಳು ಹೇಳಬಹುದಾಗಿದ್ದ ಮಾತು ದೊಡ್ಡದೇನಲ್ಲ. "ಮೊದಲು ಸುಲಭದ ದಾರಿ: ಪ್ರತಿಯೊಂದನ್ನೂ ಉಳಿದೆಲ್ಲದರ ಜೊತೆ ಕೂಡಿ ನೋಡಬಹುದು. ಆದರೆ ಸುಮಾರು ಐದು ಕೋಟಿ ಜೋಡಿಗಳಾಗುತ್ತವೆ, ತಡವಾಗುತ್ತದೆ. ಅದರ ಬದಲು ನೋಡಿದ ಸಂಖ್ಯೆಗಳನ್ನು ಒಂದು ಹ್ಯಾಶ್ ಟೇಬಲಿನಲ್ಲಿ ಇಡುತ್ತಾ ಹೋಗುತ್ತೇನೆ. 47 ಬಂದಾಗ, 53 ಈಗಾಗಲೇ ಬಂದಿದೆಯೇ ಎಂದು ನೋಡಿದರೆ ಸಾಕು. ಪಟ್ಟಿಯನ್ನು ಒಂದೇ ಸಲ ಓದಿದರೆ ಮುಗಿಯಿತು. ಮೆಮೊರಿ ಮಾತ್ರ ಸ್ವಲ್ಪ ಹೆಚ್ಚು ಬೇಕು." ಇಷ್ಟೇ. ದಾರಿ ತಪ್ಪಿದರೂ ಚಿಂತೆಯಿಲ್ಲ, ಕೇಳುತ್ತಿರುವವನು ಒಂದು ಸುಳಿವು ಕೊಟ್ಟಾನು. ಮೌನವಾಗಿರುವವರಿಗೆ ಯಾವ ಸುಳಿವು ಕೊಡುವುದು?

ಈ ಮೌನ ನನಗೆ ಪರಿಚಿತವೇ. 1964ರಲ್ಲಿ ನಾಸಿಕದ ಬಳಿ ಓಝರ್‌ನಲ್ಲಿ ಮಿಗ್ ವಿಮಾನಗಳ ಕಾರ್ಖಾನೆ ಆರಂಭವಾಯಿತು. ಮುಂದೆ ನನ್ನ ತಂದೆ ಬೆಂಗಳೂರು ಬಿಟ್ಟು ಅಲ್ಲಿಗೆ ಬಂದರು. (ಇನ್ಫೋಸಿಸ್‌ನದು ಉಲ್ಟಾ ಪ್ರಯಾಣ: 1981ರಲ್ಲಿ ಪುಣೆಯಲ್ಲಿ ಹುಟ್ಟಿ 1983ರಲ್ಲಿ ಬೆಂಗಳೂರು ಸೇರಿತು!) ಮನೆಯಲ್ಲಿ "ಎರಡೊಂದ್ಲ ಎರಡು", ಶಾಲೆಯಲ್ಲಿ "ಬೇ ಏಕೇ ಬೇ". ಕನ್ನಡದ ನಲವತ್ತೇಳರಲ್ಲಿ ನಲವತ್ತು ಮುಂದೆ. ಮರಾಠಿಯ ಸತ್ತೇಚಾಳೀಸ್‌ನಲ್ಲಿ ಏಳು ಮುಂದೆ. ಇವೆರಡರ ಮೇಲೆ ಇಂಗ್ಲಿಷು. ವಾಕ್ಯ ತಲೆಯೊಳಗೇ ಪೂರ್ತಿ ಸಿದ್ಧವಾಗುವ ತನಕ ನಾಲಿಗೆ ಕಾಯುತ್ತದೆ. ಜೊತೆಗೆ, ದೊಡ್ಡವರ ಮುಂದೆ ಕೇಳಿದಷ್ಟಕ್ಕೇ ಉತ್ತರಿಸು ಎಂಬ ನಮ್ಮ ಮನೆಗಳ ಪಾಠ ಬೇರೆ. ಒಳ್ಳೆಯ ಪಾಠವೇ, ಆದರೆ ಸಂದರ್ಶನದ ಆ ಮುಕ್ಕಾಲು ಗಂಟೆಗೆ ಅದು ಬೇಡ.

ಅಂಕಿಗಳನ್ನು ಮರಾಠಿಯಲ್ಲೇ ಗೊಣಗಿಕೊಳ್ಳಿ, ಯಾರೂ ಬೇಡವೆನ್ನುವುದಿಲ್ಲ. ಹೆಜ್ಜೆಗಳನ್ನು ಮಾತ್ರ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿ, ಮುರುಕು ಇಂಗ್ಲಿಷಾದರೂ ನಡೆಯುತ್ತದೆ. ಅಭ್ಯಾಸಕ್ಕೆ ಕೋಚಿಂಗ್ ಕ್ಲಾಸೇ ಬೇಕೆಂದಿಲ್ಲ. ದಿನಕ್ಕೊಂದು ಲೆಕ್ಕವನ್ನು ಅಜ್ಜಿಗೆ ಕನ್ನಡದಲ್ಲಿ ಬಿಡಿಸಿ ಹೇಳಿ. ಹ್ಯಾಶ್ ಟೇಬಲನ್ನು ಅಡುಗೆಮನೆಯ ಡಬ್ಬಿಗಳ ಸಾಲೆನ್ನಿ, ಹೆಸರು ನೋಡಿದೊಡನೆ ಕೈ ನೇರ ಆ ಡಬ್ಬಿಗೇ ಹೋಗುತ್ತದಲ್ಲ, ಹಾಗೆ. ನಡುವೆ ಅಜ್ಜಿ "ಅದ್ಯಾಕೆ ಹಾಗೆ?" ಎಂದರೆ ಬೇಸರಿಸದೆ ನಿಂತು ಉತ್ತರ ಕೊಡಿ. ನಾವು ಕೇಳುವುದೂ ಅದನ್ನೇ.