ಅಧ್ಯಕ್ಷರ ಮೈಯಲ್ಲಿ ಗುಂಡು ಹುಡುಕಿದ ಊರು

ವಾಷಿಂಗ್ಟನ್ ನಗರದ ನಡುವೆ ನ್ಯಾಷನಲ್ ಮಾಲ್ ಎಂಬ ಉದ್ದನೆಯ ಹುಲ್ಲುಹಾಸಿದೆ. ಮಾಲ್ ಎಂದೊಡನೆ ಅಂಗಡಿ ಮಳಿಗೆ ನೆನೆಯಬೇಡಿ. ಇಲ್ಲಿ ಇಕ್ಕೆಲಗಳಲ್ಲೂ ವಸ್ತುಸಂಗ್ರಹಾಲಯಗಳು. ದಕ್ಷಿಣ ಬದಿಯ ವಿಮಾನ ಮತ್ತು ಬಾಹ್ಯಾಕಾಶ ಸಂಗ್ರಹಾಲಯಕ್ಕೆ ಹೋಗುವವರು ಮೊದಲು ಲೋಹಶೋಧಕದ ಚೌಕಟ್ಟು ದಾಟಬೇಕು. ಮಕ್ಕಳಿಗೋ ರೈಟ್ ಸೋದರರ ವಿಮಾನ ನೋಡುವ ಆತುರ. ಈ ಚೌಕಟ್ಟಿನ ಮುತ್ತಜ್ಜನ ಕಥೆ ಶುರುವಾದದ್ದು ಎದುರು ಬದಿಯಲ್ಲೇ!

ಅಲ್ಲಿ ಈಗ ನ್ಯಾಷನಲ್ ಗ್ಯಾಲರಿಯ ಅಮೃತಶಿಲೆಯ ಕಟ್ಟಡವಿದೆ. ಹಿಂದೆ ಅದೊಂದು ರೈಲು ನಿಲ್ದಾಣ. 1881ರ ಜುಲೈ 2ರಂದು ರೈಲು ಹತ್ತಲು ಬಂದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಮೇಲೆ ಚಾರ್ಲ್ಸ್ ಗಿಟೋ ಎಂಬಾತ ಎರಡು ಗುಂಡು ಹಾರಿಸಿದ. ಒಂದು ತೋಳನ್ನು ಸವರಿ ಹೋಯಿತು. ಇನ್ನೊಂದು ಬೆನ್ನಿಗೆ ಹೊಕ್ಕು ಕಾಣೆಯಾಯಿತು. ಎಕ್ಸ್‌-ರೇ ಪತ್ತೆಯಾಗಲು ಇನ್ನೂ 14 ವರ್ಷವಿತ್ತು. ವೈದ್ಯರು ತೊಳೆಯದ ಬೆರಳನ್ನೇ ಗಾಯಕ್ಕೆ ಹಾಕಿ ತಡಕಾಡಿದರು.

ಆಗ ಶ್ವೇತಭವನಕ್ಕೆ ಬಂದವನು ಟೆಲಿಫೋನ್ ಖ್ಯಾತಿಯ ಅಲೆಗ್ಸಾಂಡರ್ ಗ್ರಹಾಂ ಬೆಲ್. ಅವನ ಉಪಕರಣದಲ್ಲಿ ತಂತಿಯ ಸುರುಳಿಗಳಿದ್ದವು. ಒಂದರಲ್ಲಿ ಬಿಟ್ಟುಬಿಟ್ಟು ಹರಿಯುವ ವಿದ್ಯುತ್, ಇನ್ನೊಂದಕ್ಕೆ ಟೆಲಿಫೋನಿನ ಕಿವಿಗೊಳವೆ. ತಕ್ಕಡಿಯಂತೆ ಅವನ್ನು ಸರಿದೂಗಿಸಿಟ್ಟರೆ ನಿಶ್ಶಬ್ದ. ಹತ್ತಿರ ಲೋಹ ಬಂತೆನ್ನಿ, ಅದರೊಳಗೆ ಸುಳಿಯಂಥ ವಿದ್ಯುತ್ ಹುಟ್ಟುತ್ತದೆ. ಅದರ ಕಾಂತಕ್ಷೇತ್ರದಿಂದ ತೂಕ ತಪ್ಪಿ ಕಿವಿಯಲ್ಲಿ ಗುಂಯ್ ಎನ್ನುತ್ತದೆ. ಬೆಲ್ ಮಾಂಸದ ತುಂಡಿನಲ್ಲಿ ಗುಂಡು ಹುದುಗಿಸಿ, ಮೈಯಲ್ಲಿ ಗುಂಡು ಉಳಿದಿದ್ದ ಮಾಜಿ ಸೈನಿಕರ ಮೇಲೂ ಪ್ರಯೋಗಿಸಿ ನೋಡಿದ್ದ.

ಜುಲೈ 26ರ ಪ್ರಯತ್ನ ಕೆಟ್ಟಿತು. ಆಗಸ್ಟ್ 1ರಂದು ಮತ್ತೆ ಪ್ರಯತ್ನಿಸಿದಾಗ ಒಂದೆಡೆಯಲ್ಲ, ವಿಶಾಲ ಜಾಗದಲ್ಲೆಲ್ಲ ಸಣ್ಣ ಸದ್ದು! ಕಾರಣ ಆಮೇಲೆ ತಿಳಿಯಿತು: ಅಧ್ಯಕ್ಷರ ಹಾಸಿಗೆಯ ಕೆಳಗೆ ಉಕ್ಕಿನ ತಂತಿಯ ಇನ್ನೊಂದು ಹಾಸಿಗೆಯಿತ್ತು. ಸಾಲದ್ದಕ್ಕೆ, ಮುಖ್ಯ ವೈದ್ಯ ಬ್ಲಿಸ್ ಬಲಗಡೆ ಮಾತ್ರ ಹುಡುಕಲು ಬಿಟ್ಟಿದ್ದ. ಗುಂಡು ಇದ್ದದ್ದು ಎಡಕ್ಕೆ. ಸೆಪ್ಟೆಂಬರ್ 19ರಂದು ಗಾರ್ಫೀಲ್ಡ್ ತೀರಿಕೊಂಡರು. ಕೊಂದದ್ದು ಗುಂಡಿಗಿಂತ ನಂಜು ಎಂದೇ ಇಂದು ಹೆಚ್ಚಿನ ವೈದ್ಯರ ಅಭಿಪ್ರಾಯ. ಬೆಲ್‌ನ ಯಂತ್ರಕ್ಕೆ ಸೋಲಿನ ಹಣೆಪಟ್ಟಿ ಹಚ್ಚುವುದು ನ್ಯಾಯವಲ್ಲ ಎಂದು ನನಗನ್ನಿಸುತ್ತದೆ. ಅದು ಲೋಹವನ್ನು ಹುಡುಕಿತು, ಬೇಡದ ಲೋಹವನ್ನು!

ಇಂದಿನ ಚೌಕಟ್ಟಿನ ಕಂಬಗಳೊಳಗೂ ಸುರುಳಿಗಳೇ ಇವೆ. ಅನೇಕ ಚೌಕಟ್ಟುಗಳಲ್ಲಿ ಲೋಹ ಯಾವ ಎತ್ತರದಲ್ಲಿದೆ ಎಂಬುದನ್ನು ಪಕ್ಕದ ದೀಪ ತೋರಿಸುತ್ತದೆ. ಆದರೆ ಅದು ಚಾಕುವೋ, ಬೆಲ್ಟಿನ ಬಕಲ್ಲೋ, ಅಜ್ಜಿಯ ಮಂಡಿಗೆ ಕೂಡಿಸಿದ ಲೋಹದ ಕೀಲೋ ಎಂದು ಹೇಳಲಾರದು. ಅದಕ್ಕೇ ಸಿಬ್ಬಂದಿಯ ಕೈಯಲ್ಲೊಂದು ಚಿಕ್ಕ ಶೋಧಕ. ಪೇಸ್‌ಮೇಕರ್ ಇರುವ ಹಿರಿಯರು ಮೊದಲೇ ತಿಳಿಸಿ, ಚೌಕಟ್ಟಿನಲ್ಲಿ ನಿಲ್ಲದೆ ದಾಟುವುದು ಒಳ್ಳೆಯದು.

ಹಳೆಯ ನಿಲ್ದಾಣವನ್ನು 1908ರಲ್ಲಿ ಕೆಡವಿದರು. ಆ ಘಟನೆ ತಿಳಿಸುವ ಫಲಕ ಮಾಲ್‌ನಲ್ಲಿ ಬಂದದ್ದು 2018ರಲ್ಲಿ. ಗ್ಯಾಲರಿಯ ಕಡೆಗೆ ಹೋಗುವಾಗ ಸ್ವಲ್ಪ ನಿಧಾನಿಸಿದರೆ ಕಣ್ಣಿಗೆ ಬೀಳುತ್ತದೆ.