ಯಾವ ಪೈಕಿ?

ತರೀಕೆರೆ ಅಂದರೆ ಕನ್ನಡನಾಡಿನ ಯಾವ ಮೂಲೆಯವರಿಗೂ ಮೊದಲು ನೆನಪಾಗುವುದು ಕೆರೆ ಏರಿಯ ಮೇಲೆ ಮೇಯುವ ಆ ಕರಿ ಕುರಿಮರಿಗಳು. ಚಿಕ್ಕಂದಿನಲ್ಲಿ ಆ ಸಾಲನ್ನು ಬೇಗಬೇಗ ಹೇಳಹೋಗಿ ನಾಲಿಗೆ ತೊಡರಿಸಿಕೊಳ್ಳದವರು ಯಾರು? ನಮ್ಮ ಬೀದಿಯಲ್ಲಿ ಈ ಪಂದ್ಯ ಗೆದ್ದವನು ಯಾರ ಮನೆಯವನು ಎಂದು ಒಬ್ಬರೂ ಕೇಳುತ್ತಿರಲಿಲ್ಲ. ಅಕ್ಷರ ಜಾರದೆ ಮೂರು ಸಲ ಹೇಳಿದನೇ, ಅಷ್ಟೇ.

ಮೀಸೆ ಬಂದ ಮೇಲೆ ಶುರುವಾಗುತ್ತದೆ, ‘ಯಾವ ಪೈಕಿ?’

2025ರ ಮೇ ತಿಂಗಳಲ್ಲಿ ಹಾಸನದ ಕತೆಗಾರ್ತಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡಕ್ಕೆ ಅದು ಮೊದಲು. ಸಣ್ಣಕತೆಗಳ ಸಂಕಲನಕ್ಕೂ ಮೊದಲು. ಬಸ್ ಸ್ಟ್ಯಾಂಡಿನ ಚಾ ಅಂಗಡಿಯಲ್ಲಿ ಪಕ್ಕ ಕೂತಿದ್ದ ಹಿರಿಯರೊಬ್ಬರು ನನ್ನ ಪೇಪರಿಗೆ ಬಗ್ಗಿ, “ನಮ್ ಹಾಸನದೋರಾ!” ಎಂದು ಹಿಗ್ಗಿದರು. ಆ ಹಿಗ್ಗು ಮಳೆಗಾಲ ಕಳೆಯುವತನಕವೂ ಉಳಿಯಲಿಲ್ಲ. ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಕರೆದದ್ದೇ, ಮಾತೆಲ್ಲ ಅವರ ಧರ್ಮದ ಸುತ್ತ ತಿರುಗಿತು. ಅವರನ್ನು ಕರೆದದ್ದನ್ನು ವಿರೋಧಿಸಿದ ಅರ್ಜಿಗಳು ಹೈಕೋರ್ಟು, ಸುಪ್ರೀಂ ಕೋರ್ಟು ಎರಡರಲ್ಲೂ ವಜಾ ಆದವು. ಸೆಪ್ಟೆಂಬರ್ 22ರಂದು ಚಾಮುಂಡಿ ಬೆಟ್ಟದಲ್ಲಿ ಅವರೇ ಉದ್ಘಾಟಿಸಿದರು. ಅಷ್ಟು ದಿನದ ವಾದದಲ್ಲಿ ಬೂಕರ್ ಗೆದ್ದ ಆ ಸಂಕಲನದ 12 ಕತೆಗಳ ಪೈಕಿ ಒಂದರ ಹೆಸರೂ ನಮ್ಮ ಚಾ ಅಂಗಡಿಯಲ್ಲಿ ಕೇಳಲಿಲ್ಲ. ನನಗೆ ನೋವಾದದ್ದು ಅದಕ್ಕೆ.

ಹುಟ್ಟಿದ ಮನೆಯನ್ನು ಮುಚ್ಚಿಡಬೇಕು ಅನ್ನುತ್ತಿಲ್ಲ. ಮುಸ್ಲಿಂ ಮನೆಗಳ ಒಳಕೋಣೆ ಬಲ್ಲವರಾದ್ದರಿಂದಲೇ ಬಾನು ಆ ಹೆಂಗಸರ ಸಂಕಟ ಬರೆಯಬಲ್ಲವರಾದರು. ಶಾಲೆಯ ಹೊಸ್ತಿಲು ಕಾಣದಿದ್ದ ಸಮುದಾಯ ತನ್ನ ಮೊದಲ ಪದವೀಧರೆಗೆ ಶಾಲು ಹೊದಿಸಿದರೆ ನಾನೂ ಹೋಗಿ ಚಪ್ಪಾಳೆ ತಟ್ಟುತ್ತೇನೆ. ಆದರೆ ಪೈಕಿ ಕೇಳಿಕೊಂಡು ಆಮೇಲೆ ಸಾಧನೆಯನ್ನು ತೂಗುವುದು ತಪ್ಪು. ಹೊಗಳಲಿಕ್ಕೆ ಕೇಳಿದರೂ ತಪ್ಪೇ.

ಪಕ್ಕದ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಿದ್ದ ಕವಿ ನಿಸಾರ್ ಅಹಮದರು 2017ರಲ್ಲಿ ಇದೇ ದಸರಾ ಉದ್ಘಾಟಿಸಿದ್ದರು. 1978ರಲ್ಲಿ ಕ್ಯಾಸೆಟ್ಟಾಗಿ ಬಂದ ಅವರ ‘ನಿತ್ಯೋತ್ಸವ’ವನ್ನು ರಾಜ್ಯೋತ್ಸವದ ದಿನ ಮಕ್ಕಳು ಹಾಡುವಾಗ ಕಣ್ಣೆದುರಿಗೆ ಜೋಗ ಬರುತ್ತದೆ, ತುಂಗೆ ಬರುತ್ತಾಳೆ. ಕವಿಯ ಪೈಕಿ ಯಾರಿಗೆ ನೆನಪಾಗುತ್ತದೆ?

ಬಾನು ಅವರ ‘ಕರಿ ನಾಗರಗಳು’ ಕತೆಯನ್ನೇ ಗಿರೀಶ್ ಕಾಸರವಳ್ಳಿ ‘ಹಸೀನಾ’ ಸಿನಿಮಾ ಮಾಡಿದ್ದು. ಅದರಲ್ಲಿನ ಪಾತ್ರಕ್ಕೆ ನಟಿ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ನಮ್ಮೂರಿನವರಲ್ಲಿ ನನ್ನದೊಂದೇ ಕೇಳಿಕೆ: ಮೊದಲು ಆ ಕತೆ ಓದಿ ಬನ್ನಿ, ಆಮೇಲೆ ಚಾ ಕುಡಿಯುತ್ತಾ ಬಾನು ಅವರ ಬಗ್ಗೆ ಮಾತಾಡೋಣ.